ಗಡ್ಡಿಯಲ್ಲಿ ಒಂದು ರಾತ್ರಿ

ಮೊದಲೇ ಒಂದು ಮಾತು. ಈ ಲೇಖನದಲ್ಲಿ ಎಲ್ಲ ಕಡೆ 'ನಾವು' ಅಂತಲೇ ಬರುತ್ತೆ. ಹೋದದ್ದು ನಾಲ್ಕು ಜನ. ಯಾರು ಯಾವ ದಡ್ಡತನ ಮಾಡಿದ್ರು ಅಂತ ಹೊರಗೆ ಹೇಳಬಾರದು ಅನ್ನೋದು ವಾಪಸ್ ಬರುವಾಗ ಬಸ್ಸಿನಲ್ಲಿ ಆದ ಒಪ್ಪಂದ. ಆದ್ದರಿಂದ ಎಲ್ಲ ದಡ್ಡತನವೂ ಎಲ್ಲರದ್ದು. ಇನ್ನೊಂದು, ನಾಲ್ವರೂ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ದರೆ ಕನ್ನಡ ಸಂಘದವರು ತಿದ್ದಿಕೊಳ್ಳಲಿ, ನಮಗೆ ಬೈಯಬೇಡಿ.

ಶುರುವಾಗಿದ್ದು ಹಾಸ್ಟೆಲ್ ರೂಮಿನಲ್ಲಿ, ಥರ್ಡ್ ಸೆಮ್ ಎಕ್ಸಾಮ್ ಮುಗಿದ ರಾತ್ರಿ. ಯಾರೋ ಅಂಡಮಾನ್ ಕಡೆಯ ಒಂದು ರೀಲ್ ಹಾಕಿದ್ರು. ಖಾಲಿ ದ್ವೀಪ, ಒಂದು ಟೆಂಟ್, ಒಂದು ಬೆಂಕಿ, ಹಿಂದೆ ಗಿಟಾರ್. 'ರಿಮೋಟ್ ಐಲೆಂಡ್ ಕ್ಯಾಂಪಿಂಗ್' ಅಂತ ಮೇಲೆ ಬರೆದಿತ್ತು. ನಾವು ಲೆಕ್ಕ ಹಾಕಿದ್ವಿ. ಫ್ಲೈಟ್ ಟಿಕೆಟ್ ನೋಡಿ ಫೋನ್ ಪಕ್ಕಕ್ಕಿಟ್ವಿ. ಆಮೇಲೆ ನೇತ್ರಾಣಿ, ಸೇಂಟ್ ಮೇರೀಸ್ ಅಂತ ನಮ್ಮ ಕರಾವಳಿಯ ದ್ವೀಪಗಳ ಹೆಸರು ಬಂತು. ಬಸ್ಸು, ಬೋಟು, ಎಲ್ಲ ಸೇರಿಸಿದರೆ ಅದೂ ಕೈಗೆ ಹತ್ತಲಿಲ್ಲ. ಆಗ ನಮ್ಮಲ್ಲಿ ಶಹಾಪುರದವನು ಹೇಳಿದ, "ದ್ವೀಪ ಬೇಕಂದ್ರ ನಮ್ಮ ಕಡೆ ಬರ್ರಿ. ಹೊಳಿಯಾಗ ಬೇಕಾದಷ್ಟು ಗಡ್ಡಿ ಅವ."

ಮೈಸೂರಿನವನು ಕೇಳಿದ, "ಗಡ್ಡೆ ಅಂದ್ರೆ ಆಲೂಗಡ್ಡೆ ಥರಾನಾ?"

ನಗಬೇಡಿ. ನಮ್ಮಲ್ಲಿ ಇಬ್ಬರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಸ್ಕೂಲಿನಲ್ಲಿ ಐಲೆಂಡ್ ಅಂದ್ರೆ ದ್ವೀಪ ಅಂತ ಕಲಿತವರು ನಾವು. ನಡುಗಡ್ಡೆ ಅನ್ನೋ ಪದ ಕೇಳಿದ್ವಿ, ಆದರೆ ಅದರ ಬಾಲದಲ್ಲಿರೋ 'ಗಡ್ಡೆ'ಯೇ ಒಂದು ಊರಿನ ಹೆಸರಾಗಬಹುದು ಅಂತ ಹೊಳೆದಿರಲಿಲ್ಲ. ಕೃಷ್ಣಾ ನದಿಯ ನಡುವೆ ಅಂಥ ಊರುಗಳು ಸಾಲಾಗಿವೆ. ಸುರಪುರ ಕಡೆ ಕಕ್ಕೇರಾ ಹತ್ತಿರ ನೀಲಕಂಠರಾಯನಗಡ್ಡಿ. ಆಚೆ ದಡದ ಲಿಂಗಸುಗೂರು ತಾಲ್ಲೂಕಿನಲ್ಲಿ ಕಡದರಗಡ್ಡಿ, ಕರಕಲಗಡ್ಡಿ, ಮ್ಯಾದರಗಡ್ಡಿ, ವೆಂಕಮ್ಮನಗಡ್ಡಿ. ಇನ್ನೂ ಕೆಳಗೆ ರಾಯಚೂರು ಕಡೆ ಹೋದರೆ ಕುರ್ವಕಲಾ, ಕುರ್ವಕುರ್ದಾ. 'ಕುರುವ' ಅಂದರೂ ನಡುಗಡ್ಡೆಯೇ ಅಂತ ಆಮೇಲೆ ಡಿಕ್ಷನರಿ ನೋಡಿ ತಿಳ್ಕೊಂಡ್ವಿ.

ಪ್ಲಾನ್ ಹೀಗಿತ್ತು: ಒಂದು ರಾತ್ರಿ ಶಹಾಪುರ, ಮರುದಿನ ಹಗಲು ಜಲದುರ್ಗ ಕೋಟೆ ಹತ್ತೋದು, ಸಂಜೆ ಒಂದು ಸಣ್ಣ ಗಡ್ಡಿಗೆ ಹೋಗಿ ಟೆಂಟ್ ಹಾಕೋದು. ಎರಡು ಟೆಂಟ್ ಬಾಡಿಗೆಗೆ ತಂದ್ವಿ. ನೂಡಲ್ಸ್, ಪವರ್ ಬ್ಯಾಂಕ್, ಒಂದು ಸ್ಪೀಕರ್, ಎರಡು ಟಾರ್ಚ್. ಫಸ್ಟ್ ಏಡ್ ಬಾಕ್ಸ್‌ನಲ್ಲಿ ಏನಿತ್ತು ಅಂದ್ರೆ ನಾಲ್ಕು ಬ್ಯಾಂಡ್ ಏಡ್, ಒಂದು ನೋವಿನ ಮುಲಾಮು, ಮತ್ತೆ ಯಾರದ್ದೋ ಹಳೆಯ ಕೆಮ್ಮಿನ ಸಿರಪ್. ಇದು ಯಾಕೆ ಹೇಳ್ತಿದ್ದೀವಿ ಅಂತ ಮುಂದೆ ಗೊತ್ತಾಗುತ್ತೆ.

ಶಹಾಪುರ ನೋಡದವರಿಗೆ: ಊರಿನ ಪಕ್ಕದಲ್ಲೇ ಬಂಡೆಗಲ್ಲಿನ ಬೆಟ್ಟಗಳ ಸಾಲು. ರಸ್ತೆಯ ಒಂದು ಕೋನದಿಂದ ನೋಡಿದರೆ ಆ ಸಾಲೇ ಮಲಗಿದ ಬುದ್ಧನ ಹಾಗೆ ಕಾಣುತ್ತೆ, ತಲೆ, ಎದೆ, ಕಾಲು ಎಲ್ಲ ಸರಿಯಾಗಿ. ಊರಿನ ಆಚೆ ಭೀಮರಾಯನಗುಡಿ. ಅಲ್ಲಿ ನೀರಾವರಿ ಯೋಜನೆಯ ಕಚೇರಿಗಳು. ಬೇಸಿಗೆ ಬಂದರೆ ನಲವತ್ತು ಡಿಗ್ರಿ ದಾಟೋ ಊರು. ಆದರೆ ನಾವು ಹೋದ ಫೆಬ್ರವರಿಯಲ್ಲಿ ಕಾಲುವೆ ತುಂಬಿ ಹರೀತಿತ್ತು, ರಸ್ತೆಯ ಎರಡೂ ಕಡೆ ಭತ್ತ. "ಇಷ್ಟು ಒಣ ಜಾಗದಲ್ಲಿ ಭತ್ತ ಹೇಗೋ?" ಅಂತ ಕೇಳಿದ್ದಕ್ಕೆ ಶಹಾಪುರದವನು ಕಾಲುವೆ ತೋರಿಸಿದ. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು, 1982ರಲ್ಲಿ ಮುಗಿದದ್ದು. ಅಲ್ಲಿಂದ ಎಡದಂಡೆ ಕಾಲುವೆ 78 ಕಿಲೋಮೀಟರ್. ಅದರಿಂದ ಒಡೆದು ಬರೋದು ಶಹಾಪುರ ಶಾಖಾ ಕಾಲುವೆ. "ನಮ್ಮ ಅಜ್ಜನ ಕಾಲದಾಗ ಇದೆಲ್ಲ ಜೋಳ, ತೊಗರಿ ಇತ್ತು. ಈಗ ನನ್ನ ಫೀಸ್ ಈ ನೀರಿಂದಾನೇ ಬರ್ತದ" ಅಂದ. ನಾವು "ಓಹೋ" ಅಂದು ಫೋಟೊ ತೆಗೆದ್ವಿ.

ಅವರ ಮನೆಯಲ್ಲಿ ರಾತ್ರಿ ಊಟ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಬೆಳಿಗ್ಗೆ ಹೊರಡುವಾಗ ಅವರ ಅಮ್ಮ ಇಪ್ಪತ್ತು ಕಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕೊಟ್ರು. ಅಪ್ಪ ಮಾತ್ರ ಒಂದೇ ಮಾತು ಹೇಳಿದ್ರು, "ಗಡ್ಡಿಗೆ ಹೋಗೋ ಮುಂದ ಅಲ್ಲಿ ಮಂದೀನ ಕೇಳಿ ಹೋಗ್ರಿ. ನೀರಿನ ಸುದ್ದಿ ಅವರಿಗೆ ಗೊತ್ತಿರ್ತದ."

ಬಸ್ಸು ಸುರಪುರ ದಾಟಿ ತಿಂಥಣಿ ಹತ್ತಿರ ಕೃಷ್ಣೆಯ ಸೇತುವೆ ಮೇಲೆ ಬಂತು. ದಡದಲ್ಲಿ ಮೌನೇಶ್ವರನ ಗುಡಿ. ಹಿಂದೂಗಳೂ ಮುಸ್ಲಿಮರೂ ಇಬ್ಬರೂ ನಡೆದುಕೊಳ್ಳೋ ಜಾಗ. ಸೇತುವೆಯಿಂದ ನೋಡಿದರೆ ನದಿಯಲ್ಲಿ ನೀರಿಗಿಂತ ಕಲ್ಲೇ ಜಾಸ್ತಿ. ನಮಗೆ ಸ್ವಲ್ಪ ನಿರಾಸೆ ಆಯ್ತು. "ಇದೇನಾ ನಿಮ್ಮ ಹೊಳೆ?" ಅಂತ ರೇಗಿಸಿದ್ವಿ. ಶಹಾಪುರದವನು ಸೇತುವೆಯ ಕಂಬ ತೋರಿಸಿದ. ನೀರಿನ ಗೆರೆ ಎಷ್ಟೋ ಎತ್ತರದಲ್ಲಿತ್ತು. ನಾವು ಸುಮ್ಮನಾದ್ವಿ.

ಲಿಂಗಸುಗೂರಿನಿಂದ ಜಲದುರ್ಗಕ್ಕೆ ಒಂದು ಟಂಟಂ ಸಿಕ್ತು. ಜಲದುರ್ಗ ಅಂದ್ರೆ ಹೆಸರೇ ಹೇಳೋ ಹಾಗೆ ನೀರಿನ ಕೋಟೆ. ಕೃಷ್ಣೆ ಅಲ್ಲಿ ಎರಡು ಕವಲಾಗಿ ಗುಡ್ಡವನ್ನು ಸುತ್ತಿ ಹರಿಯುತ್ತೆ, ಗುಡ್ಡದ ಮೇಲೆ ಕೋಟೆ. ಯಾದವರ ಕಾಲದ್ದು ಅಂತಾರೆ, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಬಾಗಿಲುಗಳನ್ನು ದಾಟಿ ಮೇಲೆ ಹೋಗೋಕೆ ಒಂದು ಗಂಟೆಗೂ ಹೆಚ್ಚು ಹಿಡೀತು, ಅದರಲ್ಲಿ ಅರ್ಧ ಗಂಟೆ ಮುಳ್ಳು ಬಿಡಿಸಿಕೊಳ್ಳೋದಕ್ಕೆ. ತುದಿಯಲ್ಲೊಂದು ಬುರುಜು. ಶಿಕ್ಷೆ ಆದವರನ್ನು ಅಲ್ಲಿಂದ ಹೊಳೆಗೆ ತಳ್ಳುತ್ತಿದ್ದರು ಅಂತ ಅಲ್ಲಿನವರು ಹೇಳ್ತಾರೆ. ಕೆಳಗೆ ಇಣುಕಿದರೆ ನಂಬಬಹುದು ಅನ್ಸುತ್ತೆ.

ಮೇಲೆ ನಿಂತಾಗ ಒಂದು ವಿಷಯ ಅರ್ಥ ಆಯ್ತು. ಈ ಭಾಗದಲ್ಲಿ ಕೃಷ್ಣೆ ಸಮತಟ್ಟಾಗಿ ಹರಿಯಲ್ಲ, ಇಳೀತಾ ಹೋಗುತ್ತೆ. ಮೂರು ಮೈಲಿಯಲ್ಲಿ ನಾನೂರು ಅಡಿಗೂ ಜಾಸ್ತಿ ಇಳಿಯುತ್ತೆ ಅಂತ ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್‌ನಲ್ಲಿದೆ. ಇಳಿಜಾರು, ಒಡೆದ ಬಂಡೆ, ಹತ್ತಾರು ಕವಲು. ಕವಲುಗಳ ನಡುವೆ ಉಳಿದ ನೆಲವೇ ಗಡ್ಡಿಗಳು. ಮೇಲಿಂದ ನೋಡಿದರೆ ಯಾರೋ ಮ್ಯಾಪ್ ಹರಿದು ಹಾಕಿದ ಹಾಗಿತ್ತು. ಒಂದು ಗಡ್ಡಿಯಿಂದ ಹೊಗೆ ಏಳ್ತಿತ್ತು. ಯಾರದ್ದೋ ಒಲೆ.

ಸಂಜೆ ನಾವು ಹೋದ ಗಡ್ಡಿಯ ಹೆಸರು ಇಲ್ಲಿ ಬರೆಯಲ್ಲ. ಕೈಬೆರಳಿನಲ್ಲಿ ಎಣಿಸುವಷ್ಟು ಮನೆಗಳಿರೋ ಜಾಗ, ಹೆಸರು ಹೇಳಿದರೆ ಜನರನ್ನೂ ಹೇಳಿದ ಹಾಗೆ. ದಡದಿಂದ ಒಂದೂವರೆ ಕಿಲೋಮೀಟರ್ ಬಂಡೆಗಳ ಮೇಲೆ ನಡೀಬೇಕು, ಕೊನೆಯಲ್ಲಿ ಒಂದು ಆಳದ ಕವಲು, ಅಲ್ಲಿ ತೆಪ್ಪ. ದುಂಡನೆಯ ಹರಿಗೋಲು. ಹಿಂದೆ ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿ ಮಾಡ್ತಿದ್ರಂತೆ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕೂಡ ಆನೆಗೊಂದಿಯ ಹತ್ತಿರ ಬುಟ್ಟಿಯಂಥ ದೋಣಿ ನೋಡಿದೆ, ಅದರಲ್ಲಿ ಕುದುರೆ ಎತ್ತುಗಳನ್ನೂ ದಾಟಿಸ್ತಾರೆ ಅಂತ ಬರೆದಿದ್ದಾನೆ. ನಾವು ನಾಲ್ವರು ಕೂತಾಗ ಮಾತ್ರ ಅದು ಗರಗರ ತಿರುಗೋಕೆ ಶುರುವಾಯ್ತು. ಹುಟ್ಟು ಹಾಕ್ತಿದ್ದ ಹುಡುಗನಿಗೆ ಹತ್ತು ವರ್ಷ ಇರಬಹುದು. "ಅಲುಗ್ಯಾಡಬ್ಯಾಡ್ರಿ" ಅಂತ ಗದರಿಸಿದ. ನಾವು ಭಾವಿ ಇಂಜಿನಿಯರುಗಳು ಉಸಿರು ಬಿಗಿಹಿಡಿದು ಕೂತ್ವಿ.

ಗಡ್ಡಿಯಲ್ಲಿ ಮೊದಲು ಸಿಕ್ಕಿದ್ದು ಒಬ್ಬ ಅಜ್ಜಿ. ತಗಡಿನ ಮನೆಯ ಮುಂದೆ ತೊಗರಿ ಕಟ್ಟಿಗೆ ಜೋಡಿಸ್ತಿದ್ದಳು.

"ಎಲ್ಲಿಂದ ಬಂದೀರಪ್ಪಾ?"

"ಕಾಲೇಜಿಂದ, ಅಜ್ಜಿ."

"ಯಾಕ ಬಂದೀರಿ?"

"ಇಲ್ಲೇ ರಾತ್ರಿ ಮಲಗೋಕೆ."

ಅಜ್ಜಿ ನಾಲ್ವರನ್ನೂ ಒಂದೊಂದಾಗಿ ನೋಡಿದಳು. "ಯಾಕ, ಮನಿ ಬಿಟ್ಟು ಹೊರಗ ಹಾಕ್ಯಾರೇನು?"

ನಗು ತಡೆಯೋಕಾಗಲಿಲ್ಲ. ಆದರೆ ಉತ್ತರ ಕೊಡಬೇಕಲ್ಲ. ನಾವು ಟೆಂಟು, ಟ್ರೆಕ್ಕಿಂಗು, ಪ್ರಕೃತಿ ಅಂತೆಲ್ಲ ವಿವರಿಸಿದ್ವಿ. ಕೊನೆಗೆ ಒಬ್ಬ, "ಸಿಟಿಯಿಂದ ದೂರ, ಯಾರೂ ಇಲ್ಲದ ಜಾಗ ನೋಡೋಣ ಅಂತ ಬಂದ್ವಿ ಅಜ್ಜಿ" ಅಂದ.

"ಯಾರೂ ಇಲ್ಲಂದ್ರ? ನಾವು ಇದ್ದೀವಲ್ಲ" ಅಂದಳು. ಸಿಟ್ಟಿನಿಂದ ಅಲ್ಲ. ನಿಜವಾಗಿಯೂ ಅರ್ಥ ಆಗದೆ ಕೇಳಿದ ಹಾಗೆ.

ಇದನ್ನು ಆಮೇಲೆ ಬಹಳ ಮಾತಾಡಿದ್ದೀವಿ. ಹಾಸ್ಟೆಲ್‌ನಲ್ಲಿ ಕೂತು 'ರಿಮೋಟ್ ಐಲೆಂಡ್' ಅನ್ನುವಾಗ ನಾಲಿಗೆ ತೊದಲಲಿಲ್ಲ. ಅದನ್ನೇ ಕನ್ನಡದಲ್ಲಿ, ಅಲ್ಲಿ ಮನೆ ಕಟ್ಟಿಕೊಂಡಿರೋ ಒಬ್ಬರ ಮುಂದೆ ನಿಂತು ಹೇಳೋಕೆ ಹೋದಾಗ ಮಾತು ಹೊರಡಲಿಲ್ಲ. ದೂರ ಅಂದ್ರೆ ಯಾರಿಂದ ದೂರ? ಅಜ್ಜಿಗೆ ಗಡ್ಡಿ ದೂರ ಅಲ್ಲ. ದೂರ ಇರೋದು ಆಸ್ಪತ್ರೆ, ಸಂತೆ, ಹೈಸ್ಕೂಲು.

ಟೆಂಟ್ ಹಾಕೋಕೆ ನಾವು ನೀರಿನ ಅಂಚಿನ ಮರಳು ಆರಿಸಿದ್ವಿ. ರೀಲ್‌ನಲ್ಲಿ ಹಾಗೇ ಇತ್ತು. ಅಜ್ಜಿ ಬೇಡ ಅಂದಳು. "ಈಗ ಹೊಳಿ ಸಣ್ಣದೈತಿ. ಆದರೂ ನೀರಿನ ಬಾಯಾಗ ಮಲಗಬಾರದು. ಮ್ಯಾಲ ಬರ್ರಿ, ನಮ್ಮ ಹಟ್ಟಿ ಹತ್ರ." ಮೇಲೆ ಹೋದ್ವಿ. ಅಲ್ಲಿ ಬರೀ ಬಂಡೆ, ಟೆಂಟಿನ ಗೂಟ ಒಂದೂ ಇಳಿಯಲಿಲ್ಲ. ಸರಿ, ಹಗ್ಗಗಳನ್ನು ಕಲ್ಲಿಗೆ ಕಟ್ಟೋಣ ಅಂತ ಐಡಿಯಾ. ಹುಡುಗ ನಿಂತು ನೋಡ್ತಿದ್ದ. "ಕಲ್ಲು ಎತ್ತೋ ಮುಂದ ಕಾಲಿಂದ ಉರುಳಿಸಿ ನೋಡ್ರಿ" ಅಂದ. ನಾವು "ಆಯ್ತು ಬಾಸ್" ಅಂದ್ವಿ.

ಕತ್ತಲಾಯ್ತು. ಸ್ಪೀಕರ್ ಹಾಕಬೇಕು ಅನ್ಸಲಿಲ್ಲ. ಸುತ್ತ ನೀರು ಕಲ್ಲಿಗೆ ಬಡಿಯೋ ಸದ್ದು, ಮೇಲೆ ಅಷ್ಟೊಂದು ನಕ್ಷತ್ರ. ಕಡಕ್ ರೊಟ್ಟಿಗೆ ಅಜ್ಜಿ ಮೊಸರು, ಹಸಿ ಉಳ್ಳಾಗಡ್ಡಿ ಕೊಟ್ಟಳು. ನೂಡಲ್ಸ್ ಹುಡುಗನಿಗೆ ಹೋಯ್ತು. ಊಟದ ಹೊತ್ತಿಗೆ ಮಾತು ಹತ್ತಿತು.

ಮಳೆಗಾಲದ ಬಗ್ಗೆ ಕೇಳಿದ್ವಿ. ಮೊದಲು ಹೊಳೆ ಬರೋದನ್ನು ನೋಡಿ ಹೇಳಬಹುದಿತ್ತಾ ಅಂತ. ಅಜ್ಜಿ ಹೇಳಿದ್ದು: ಇಲ್ಲಿ ಮಳೆ ಬಿದ್ದರೆ ಹೊಳೆ ಬರಲ್ಲ. ಮಳೆ ಬೀಳೋದು ಎಲ್ಲೋ ಮೇಲೆ, ಘಟ್ಟದಲ್ಲಿ. ಇಲ್ಲಿ ಬಿಸಿಲು ಹೊಡೀತಿದ್ದರೂ ಹೊಳೆ ಏರುತ್ತೆ. ನಾವು ಜಿಯೋಗ್ರಫಿಯಲ್ಲಿ ಓದಿದ್ದು ಇದೇ: ಕೃಷ್ಣೆ ಹುಟ್ಟೋದು ಮಹಾಬಲೇಶ್ವರದಲ್ಲಿ, ಅಲ್ಲಿ ಸುರಿದದ್ದು ಆಲಮಟ್ಟಿ, ನಾರಾಯಣಪುರ ದಾಟಿ ಇಲ್ಲಿಗೆ ಬರುತ್ತೆ. ಡ್ಯಾಮ್ ತುಂಬಿದ ಮೇಲೆ ಗೇಟು ತೆರೀಲೇಬೇಕು, ಬೇರೆ ದಾರಿ ಇಲ್ಲ. ತೆರೆದಾಗ ಗಡ್ಡಿ ನಿಜವಾದ ಗಡ್ಡಿ ಆಗುತ್ತೆ. ಜುಲೈಗೆ ಮೊದಲೇ ಜೋಳ, ಎಣ್ಣೆ, ಉಪ್ಪು, ಮಾತ್ರೆ ತಂದಿಟ್ಟುಕೊಳ್ತಾರೆ. ಓದೋ ಮಕ್ಕಳನ್ನು ದಡದ ಊರಿನ ಸಂಬಂಧಿಕರ ಮನೆಗೆ ಕಳಿಸ್ತಾರೆ. ಹೊರಗೆ ಬನ್ನಿ ಅಂತ ಅಧಿಕಾರಿಗಳು ಕರೀತಾರೆ, ಆದರೆ ಕುರಿ ಬಿಟ್ಟು ಹೋಗೋದು ಹೇಗೆ?

"ನೀವು ಯಾವ ಊರು?" ಅಂತ ಆಮೇಲೆ ಕೇಳಿದಳು.

"ಶಹಾಪುರ ಅಜ್ಜಿ."

"ಹಂಗಾರ ನೆಲ್ಲಿನ ಮಂದಿ. ಕಾಲುವಿ ನೀರು ಬರ್ತೈತೇನು?"

"ಬರ್ತದ."

"ಚಲೋ ಆತು. ಅದು ನಿಮ್ಮ ಕಡಿ ಹೋದ್ರ ಗದ್ದಿ, ನಮ್ಮ ಕಡಿ ಬಂದ್ರ ಗಡ್ಡಿ."

ಅವಳೇ ನಕ್ಕಳು. ನಮ್ಮಲ್ಲಿ ಶಹಾಪುರದವನು ನಗಲಿಲ್ಲ. ನಮಗೂ ಹಗಲು ತೆಗೆದ ಕಾಲುವೆಯ ಫೋಟೊ ನೆನಪಾಯ್ತು. ಒಂದೇ ಡ್ಯಾಮು. ಒಂದು ಬಾಗಿಲಿನಿಂದ ಅವನ ಸೆಮಿಸ್ಟರ್ ಫೀಸು, ಇನ್ನೊಂದು ಬಾಗಿಲಿನಿಂದ ಈ ಅಜ್ಜಿಯ ಮಳೆಗಾಲ. ಯಾರೂ ಬೇಕಂತ ಮಾಡಿದ್ದಲ್ಲ. ಡ್ಯಾಮ್ ಇಲ್ಲದ ಕಾಲದಲ್ಲೂ ಹೊಳೆ ಬರ್ತಿತ್ತು ಅಂತ ಅಜ್ಜಿಯೇ ಹೇಳಿದಳು. ಆದರೂ ನಮ್ಮ ಊಟ ಅಲ್ಲಿಗೆ ನಿಧಾನ ಆಯ್ತು.

ರಾತ್ರಿ ಹತ್ತರ ಸುಮಾರಿಗೆ ಗಾಳಿ ಎದ್ದಿತು. ಒಂದು ಟೆಂಟಿನ ಹಗ್ಗ ಬಿಚ್ಚಿ ಪಟಪಟ ಹೊಡೆಯೋಕೆ ಶುರುವಾಯ್ತು. ನಮ್ಮಲ್ಲೊಬ್ಬ ಎದ್ದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಇನ್ನೊಂದು ಕಲ್ಲು ತರೋಕೆ ಹೋದ. ಕಾಲಿಂದ ಉರುಳಿಸಿ ನೋಡಬೇಕು ಅನ್ನೋದು ಮರೆತ. ಎರಡೂ ಕೈ ಹಾಕಿ ಎತ್ತಿದ.

ಚೀರಿದ್ದು ಕೇಳಿ ಎಲ್ಲರೂ ಓಡಿದ್ವಿ. ಚೇಳು. ಟಾರ್ಚ್ ಬೆಳಕಲ್ಲಿ ಅದು ಕಲ್ಲಿನ ಸಂದಿಗೆ ಸರಿದದ್ದು ಕಂಡಿತು. ಕೆಂಪಗಿತ್ತು, ಸಣ್ಣದು. ಬಲಗೈ ಬೆರಳು. ಐದು ನಿಮಿಷದಲ್ಲಿ ನೋವು ಭುಜಕ್ಕೆ ಏರಿತು ಅಂದ. ಆಮೇಲೆ ಮೈ ಬೆವರೋಕೆ ಶುರು, ಕೈಕಾಲು ತಣ್ಣಗೆ. ನಾವು ಫೋನ್ ತೆಗೆದ್ವಿ. ನೆಟ್‌ವರ್ಕ್ ಇಲ್ಲ. 'ಚೇಳು ಕಡಿದರೆ ಏನು ಮಾಡಬೇಕು' ಅಂತ ಹುಡುಕೋಕೂ ಆಗಲ್ಲ. ಫಸ್ಟ್ ಏಡ್ ಬಾಕ್ಸ್ ತೆರೆದು ಆ ಕೆಮ್ಮಿನ ಸಿರಪ್ ನೋಡಿ ಮುಚ್ಚಿದ್ವಿ. ಹಾಸ್ಟೆಲ್‌ನಲ್ಲಿ ನಮಗೆ ಬೇಕಾಗಿದ್ದು ಇದೇ ತಾನೇ, ನೆಟ್‌ವರ್ಕ್ ಇಲ್ಲದ ಜಾಗ.

ಅಜ್ಜಿಯ ಮನೆಯವರು ಇಬ್ಬರು ಎದ್ದು ಬಂದ್ರು. ಏನೂ ಕೇಳಲಿಲ್ಲ. ಒಬ್ಬ ಬಂಡೆಯ ಒಂದು ಮೂಲೆಗೆ ಹೋಗಿ, ಅಲ್ಲಿ ಮಾತ್ರ ಸಿಗೋ ಒಂದು ಗೆರೆ ಸಿಗ್ನಲ್‌ನಲ್ಲಿ ದಡದ ಊರಿನ ಯಾರಿಗೋ ಗಾಡಿ ತರೋಕೆ ಹೇಳಿದ. ಇನ್ನೊಬ್ಬ ತೆಪ್ಪ ಬಿಚ್ಚಿದ. ಅಜ್ಜಿ ಏನೋ ಸೊಪ್ಪು ಅರೆದು ಬೆರಳಿಗೆ ಹಚ್ಚಿ, ಪಕ್ಕದಲ್ಲಿ ಕೂತು ತಲೆ ಸವರಿದಳು. ಸೊಪ್ಪಿನಿಂದ ಏನಾಯ್ತೋ ಗೊತ್ತಿಲ್ಲ, ಆದರೆ ಅವನು ಅಳೋದು ನಿಲ್ಲಿಸಿದ. ಹೌದು, ಅಳ್ತಿದ್ದ. ನಾವೂ ಅಳೋ ಹಾಗೇ ಇದ್ವಿ.

ಕತ್ತಲಲ್ಲಿ ತೆಪ್ಪ ತಿರುಗಲಿಲ್ಲ. ದೊಡ್ಡವರ ಕೈಯಲ್ಲಿ ಅದು ನೆಟ್ಟಗೆ ಹೋಯ್ತು. ಆಮೇಲೆ ಒಂದೂವರೆ ಕಿಲೋಮೀಟರ್ ಬಂಡೆ. ಕಡಿಸಿಕೊಂಡವನನ್ನು ನಡೆಸಬಾರದು ಅಂತ ಅವರಲ್ಲೊಬ್ಬ ಬೆನ್ನ ಮೇಲೆ ಹೊತ್ತ. ನಮ್ಮ ಕೈಯಲ್ಲಿ ಎರಡು ಟಾರ್ಚ್ ಇದ್ದವು, ಆದರೂ ನಾವು ಎಡವುತ್ತಿದ್ವಿ. ಅವರು ಬರಿಗಾಲಲ್ಲಿ, ಹೆಗಲ ಮೇಲೆ ಅರವತ್ತು ಕೆಜಿ ಇಟ್ಟುಕೊಂಡು, ಎಲ್ಲಿ ಕಾಲಿಡಬೇಕು ಅಂತ ನೋಡದೇ ನಡೀತಿದ್ರು. ದಡದಲ್ಲಿ ಟಂಟಂ ಕಾಯ್ತಿತ್ತು. ತಾಲ್ಲೂಕು ಆಸ್ಪತ್ರೆ ತಲುಪಿದಾಗ ಒಂದು ಗಂಟೆಗೆ ಹತ್ತು ನಿಮಿಷ. ಚೇಳು ಕಡಿದು ಎರಡೂವರೆ ಗಂಟೆಯ ಮೇಲಾಗಿತ್ತು.

ಡ್ಯೂಟಿ ಡಾಕ್ಟರ್ ನಿದ್ದೆಗಣ್ಣಲ್ಲೂ ಚುರುಕಾಗಿದ್ರು. ಬಿಪಿ ನೋಡಿದ್ರು, ಎದೆ ಕೇಳಿದ್ರು, ಬೆರಳಿಗೆ ಮರಗಟ್ಟೋ ಇಂಜೆಕ್ಷನ್, ಒಂದು ಮಾತ್ರೆ, ಬೆಳಿಗ್ಗೆ ತನಕ ಅಬ್ಸರ್ವೇಷನ್. ಆ ಮಾತ್ರೆಯ ಹೆಸರು ಪ್ರಾಜೋಸಿನ್. ಕೆಂಪು ಚೇಳಿನ ವಿಷ ಹೃದಯಕ್ಕೆ ಹೊಡೆಯುತ್ತೆ, ಶ್ವಾಸಕೋಶದಲ್ಲಿ ನೀರು ತುಂಬೋ ಹಾಗೆ ಮಾಡುತ್ತೆ. ಮಕ್ಕಳಾದರೆ ಇನ್ನೂ ಅಪಾಯ. ಮಹಾರಾಷ್ಟ್ರದ ಮಹಾಡ್ ಅನ್ನೋ ಸಣ್ಣ ಊರಿನಲ್ಲಿ ಕೆಲಸ ಮಾಡ್ತಿದ್ದ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್, ಚೇಳು ಕಡಿದು ಬರೋ ಹಳ್ಳಿಯವರನ್ನು ಗಮನಿಸಿ ಗಮನಿಸಿ, ಬಿಪಿಗೆ ಕೊಡೋ ಈ ಮಾತ್ರೆ ಕೆಲಸ ಮಾಡುತ್ತೆ ಅಂತ ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇದೆಲ್ಲ ನಾವು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಸಿಗ್ನಲ್ ಸಿಕ್ಕ ಮೇಲೆ ಓದಿದ್ದು. ಓದಬೇಕಾಗಿದ್ದು ಹೋಗೋ ಮುಂಚೆ.

ಬೆಳಗಿನ ಜಾವ ನಾಲ್ಕಕ್ಕೆ ಅವನು ನಿದ್ದೆ ಮಾಡಿದ. ಗಡ್ಡಿಯವರು ಇಬ್ಬರೂ ಇನ್ನೂ ಹೊರಗೆ ಕೂತಿದ್ರು. ಚಹಾ ಕುಡೀತಾ ನಾವು ಕೇಳಿದ್ವಿ, "ಇದು ಜುಲೈ ಆಗಿದ್ರೆ?"

"ಜುಲೈ ಆಗಿದ್ರ ನೀವು ಬರ್ತಿದ್ದಿಲ್ಲ" ಅಂದ ಒಬ್ಬ.

ನಾವು ಕೇಳಿದ್ದು ಅದಲ್ಲ. ಅವನಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನೀಲಕಂಠರಾಯನಗಡ್ಡಿಯ ಹೆಣ್ಣುಮಗಳ ಮಾತು ತೆಗೆದ. ನಾವು ಆಗ ಎರಡನೇ ಮೂರನೇ ಕ್ಲಾಸಿನಲ್ಲಿದ್ದಿರಬೇಕು. 2014ರ ಜುಲೈ ಕೊನೆ. ಒಂಬತ್ತು ತಿಂಗಳ ಗರ್ಭಿಣಿ, ವಯಸ್ಸು 22. ಹೊಳೆ ತುಂಬಿ ಬಂದಿತ್ತು, ತೆಪ್ಪ ಹೋಗೋ ಹಾಗಿರಲಿಲ್ಲ. ಹೆರಿಗೆ ಗಡ್ಡಿಯಲ್ಲೇ ಆದರೆ ಮಗುವಿಗೆ ಏನಾಗುತ್ತೋ ಅಂತ, ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಆ ಪ್ರವಾಹದಲ್ಲಿ ಈಜಿ ದಡ ಸೇರಿದಳು. ಮನೆಯ ಗಂಡಸರು ಜೊತೆಗೆ ಈಜಿದರು. ಸುದ್ದಿ ದೇಶದ ಹೊರಗೂ ಹೋಯ್ತು. ನಮಗೆ ಮಾತ್ರ ಅದು ಯಾವತ್ತೋ ನೋಡಿದ 'ಅಚ್ಚರಿ ಆದರೂ ನಿಜ' ಥರದ ಸುದ್ದಿ ಆಗಿತ್ತು. ಆ ಬೆಂಚಿನ ಮೇಲೆ ಹಾಗಿರಲಿಲ್ಲ.

ಅಭ್ಯಾಸಬಲ, ನಾವು ಲೆಕ್ಕ ಹಾಕಿದ್ವಿ. ಐದು ಲೀಟರ್ ಗಾತ್ರದ ಒಣ ಬುರುಡೆ ಐದು ಕೆಜಿ ನೀರನ್ನು ಪಕ್ಕಕ್ಕೆ ಸರಿಸುತ್ತೆ. ಅದರ ತೂಕ ಅರ್ಧ ಕೆಜಿ ಅಂದುಕೊಂಡರೆ ನಾಲ್ಕೂವರೆ ಕೆಜಿ ಎತ್ತುವ ಶಕ್ತಿ. ಮನುಷ್ಯನ ತಲೆ ಹೆಚ್ಚುಕಡಿಮೆ ಅಷ್ಟೇ ತೂಕ. ಅಂದ್ರೆ ಎರಡು ಮೂರು ಬುರುಡೆ ಇದ್ದರೆ ಬಾಯಿ ಮೂಗು ನೀರಿನ ಮೇಲೆ ಉಳಿಯುತ್ತೆ. ಅದು ಲೈಫ್ ಜಾಕೆಟ್‌ನ ಲೆಕ್ಕವೇ. ಅಲ್ಲಿನವರು ಇದನ್ನು ಎಷ್ಟೋ ತಲೆಮಾರಿನಿಂದ ಬಳಸ್ತಿದ್ದಾರೆ. ಲೆಕ್ಕ ಸರಿ ಬಂತು. ಆದರೆ ಆ ಲೆಕ್ಕದಲ್ಲಿ ನೀರು ನಿಂತಿದೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಬಿಟ್ಟ ನೀರು ಆರು ಲಕ್ಷ ಕ್ಯುಸೆಕ್ ದಾಟಿತ್ತು. ಒಂದು ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. ಆರು ಲಕ್ಷ ಅಂದ್ರೆ ಸೆಕೆಂಡಿಗೆ ಒಂದು ಕೋಟಿ ಎಪ್ಪತ್ತು ಲಕ್ಷ ಲೀಟರ್. ಐವತ್ತು ಸಾವಿರ ಲೀಟರಿನ ಹಾಸ್ಟೆಲ್ ಟ್ಯಾಂಕ್ ಇದ್ದರೆ, ಅಂಥ ಮುನ್ನೂರ ನಲವತ್ತು ಟ್ಯಾಂಕ್ ಒಂದೇ ಸೆಕೆಂಡಿನಲ್ಲಿ. ನಾವು ಪೇಪರ್ ಮಡಿಚಿ ಜೇಬಿಗೆ ಹಾಕಿಕೊಂಡ್ವಿ.

ಮಧ್ಯಾಹ್ನ ಡಿಸ್ಚಾರ್ಜ್ ಆಯ್ತು. ಬ್ಯಾಗು ತರೋಕೆ ಇಬ್ಬರು ಮತ್ತೆ ಗಡ್ಡಿಗೆ ಹೋದ್ವಿ. ಗಾಳಿಗೆ ಒಂದು ಟೆಂಟ್ ಮಲಗಿತ್ತು. ಇನ್ನೊಂದರ ಒಳಗೆ ಎರಡು ಕುರಿಮರಿ ಮಲಗಿದ್ದವು. ದುಡ್ಡು ಕೊಡೋಕೆ ಹೋದ್ವಿ, ಯಾರೂ ಮುಟ್ಟಲಿಲ್ಲ. "ಗಾಡಿ ಬಾಡಿಗಿ ಕೊಟ್ಟೀರಲ್ಲ, ಸಾಕು" ಅಂದ್ರು. ಅಜ್ಜಿ ಮಾತ್ರ, "ಆ ಹುಡುಗಗ ಹೇಳು, ಕಲ್ಲು ಎತ್ತೋ ಮುಂದ..." ಅಂದಳು. ಹುಡುಗ ಪಕ್ಕದಿಂದ ಮುಗಿಸಿದ, "ಕಾಲಿಂದ ಉರುಳಿಸಿ ನೋಡಂತ."

ಬಾಡಿಗೆ ಟೆಂಟ್ ವಾಪಸ್ ಕೊಡಬೇಕಿತ್ತು, ಇಲ್ಲದಿದ್ದರೆ ಕುರಿಮರಿಗಳಿಗೇ ಬಿಟ್ಟು ಬರ್ತಿದ್ವಿ. ಟಾರ್ಚ್ ಎರಡೂ ಬಿಟ್ಟು ಬಂದ್ವಿ.

ನೀವು ಯಾರಾದರೂ ಇಂಥ ಜಾಗಕ್ಕೆ ಹೋಗೋದಾದರೆ, ಹೋಗಬೇಡಿ ಅಂತ ನಾವು ಹೇಳಲ್ಲ. ಜಲದುರ್ಗ ಹಗಲಿನಲ್ಲಿ ನೋಡಲೇಬೇಕಾದ ಜಾಗ. ಆದರೆ ಮಳೆಗಾಲದಲ್ಲಿ ಬೇಡವೇ ಬೇಡ. ಬೇರೆ ದಿನದಲ್ಲೂ ನೀರು ಬಿಡೋ ಸುದ್ದಿ ಕೇಳಿಕೊಂಡು ಹೋಗಿ. ಶೂ ಹಾಕಿಕೊಂಡೇ ಓಡಾಡಿ, ಬೆಳಿಗ್ಗೆ ಝಾಡಿಸಿ ಹಾಕಿಕೊಳ್ಳಿ. ಗೂಟ ಇಳಿಯದ ಕಡೆ ಬರಿಗೈಯಲ್ಲಿ ಕಲ್ಲು ಎತ್ತಬೇಡಿ. ಚೇಳು ಕಡಿದರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು ಮಾಡಬೇಡಿ, ನೇರ ಆಸ್ಪತ್ರೆಗೆ. ಎಲ್ಲಕ್ಕಿಂತ ಮೊದಲು, ಅಲ್ಲಿ ಮನೆ ಇದ್ದರೆ ಮನೆಯವರನ್ನು ಕೇಳಿ ಒಳಗೆ ಹೋಗಿ. ಅದು ಯಾರದ್ದೋ ಅಂಗಳ.

ರೀಲ್ ಮಾಡಬೇಕು ಅಂತ ಹೋದವರು ನಾವು. ಹತ್ತೊಂಬತ್ತು ಕ್ಲಿಪ್ ಇದ್ದವು. ಮೇಲೆ ಏನು ಬರೀಬೇಕು ಅಂತ ಕೂತಾಗ ಆ 'ರಿಮೋಟ್' ಪದ ಯಾರಿಗೂ ಹಾಕೋಕಾಗಲಿಲ್ಲ. ಕ್ಲಿಪ್‌ಗಳು ಫೋನಿನಲ್ಲೇ ಇವೆ.

ಇದನ್ನು ಬರೀತಿರೋದು ಫೋರ್ತ್ ಸೆಮ್ ಎಕ್ಸಾಮ್‌ಗಳ ನಡುವೆ, ಜುಲೈನಲ್ಲಿ. ಪ್ರತಿ ಮಳೆಗಾಲವೂ ಪೇಪರಿನಲ್ಲಿ ಒಂದು ಮೂಲೆಯಲ್ಲಿ ಬರುತ್ತೆ, ಇಷ್ಟು ಸಾವಿರ ಕ್ಯುಸೆಕ್ ನೀರು ಬಿಡುಗಡೆ, ಶೀಲಹಳ್ಳಿ ಸೇತುವೆ ಮುಳುಗಡೆ, ಗಡ್ಡಿಗಳ ಸಂಪರ್ಕ ಕಡಿತ ಅಂತ. ಮೊದಲೆಲ್ಲ ಆ ಪುಟ ತಿರುವಿ ಕ್ರಿಕೆಟ್‌ಗೆ ಹೋಗ್ತಿದ್ವಿ. ಶಹಾಪುರದವನ ಅಪ್ಪ ಮೊನ್ನೆ ಫೋನ್ ಮಾಡಿ, ಇನ್ನೇನು ಕಾಲುವೆಗೆ ನೀರು ಬರುತ್ತೆ, ಸಸಿ ಮಡಿ ರೆಡಿ ಮಾಡ್ತಿದ್ದೀವಿ ಅಂದ್ರಂತೆ. ಅವನು ಫೋನ್ ಇಟ್ಟು, ಗಡ್ಡಿಯವರ ನಂಬರಿಗೆ ಹಚ್ಚಿದ. ಎರಡು ದಿನ ಹತ್ತಲಿಲ್ಲ. ಮೂರನೇ ದಿನ ರಾತ್ರಿ ಹತ್ತಿತು. ಆ ಬಂಡೆಯ ಮೂಲೆಗೆ ಯಾರೋ ಬಂದಿರಬೇಕು.

"ಜೋಳ ತಂದಿಟ್ಟೀರಾ?" ಅಂತ ಕೇಳಿದ್ವಿ.

"ತಂದೀವ್ರಿ" ಅಂದ ಹುಡುಗ. "ನಾಳಿ ನಾನು ಸೋದರಮಾವನ ಊರಿಗೆ ಹೊಂಟೀನಿ, ಸಾಲಿಗೆ. ಅಜ್ಜಿ ಇಲ್ಲೇ ಇರ್ತಾಳ. ಟಾರ್ಚ್ ಚಲೋ ಅದಾವ್ರಿ."